ಟ್ರಂಕಿನಲ್ಲಿಟ್ಟ ಕಾಗದ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಮನೆ ಬಾಡಿಗೆಯ ತಕರಾರು, ಅಣ್ಣತಮ್ಮಂದಿರ ಪಾಲುಪಟ್ಟಿ, ವಿಮೆಯ ಹಣ, ಪಕ್ಕದ ಮನೆಯವರು ಒತ್ತರಿಸಿ ಕಟ್ಟಿದ ಗೋಡೆ ಮೊದಲಾದ ವಿಷಯಗಳನ್ನು ಕುರಿತವು. ಉತ್ತರ ಬರೆದು ಲಕೋಟೆಗೆ ಹಾಕಿದ ಮೇಲೆ ಅವು ಮನಸ್ಸಿನಿಂದಲೂ ಹೊರಟುಹೋಗುತ್ತವೆ. ಆದರೆ ಈಚೆಗೆ ಮೈಸೂರಿನಿಂದ ಒಬ್ಬ ಸೋದರಿ ಬರೆದ ಕಾಗದವು ಹಾಗೆ ಹೊರಟುಹೋಗಲಿಲ್ಲ. ಆಕೆ ಕೇಳಿರುವ ಪ್ರಶ್ನೆಗಳು ಎರಡೇ. ಹೆಸರು, ವಿಳಾಸಗಳನ್ನು ಬಿಟ್ಟು, ಆಕೆಯ ಅನುಮತಿಯನ್ನು ಪಡೆದು, ಸಂಗತಿಯನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ಇಂತಹ ಕಾಗದಗಳು ಇನ್ನೂ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಮಡಿಸಿ ಇಡಲ್ಪಟ್ಟಿರಬಹುದೆಂಬುದೇ ಇದಕ್ಕೆ ಕಾರಣ.

ಆ ಸೋದರಿಯ ಯಜಮಾನರು 2004ರಲ್ಲಿ, ಇಪ್ಪತ್ತು ವರ್ಷದ ಹುಡುಗರಾಗಿ, ಸೈನ್ಯಕ್ಕೆ ಸೇರಿದರು. ಸೇರುವಾಗ ವೈದ್ಯರು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, ಯಾವ ಊನವೂ ಇಲ್ಲವೆಂದು ಬರೆದುಕೊಂಡಿದ್ದರು. ಆರನೆಯ ವರ್ಷ, ಉತ್ತರದ ಎತ್ತರದ ಠಾಣೆಯೊಂದರಲ್ಲಿ ಕಾವಲಿನಲ್ಲಿದ್ದಾಗ ಒಂದು ರಾತ್ರಿ ಮೂರ್ಛೆ ಹೋಗಿ ಬಿದ್ದರು. ಅನಂತರ ಮಿಲಿಟರಿ ಆಸ್ಪತ್ರೆ, ಔಷಧ, ಹಗುರಾದ ಕೆಲಸ, ಮತ್ತೆ ಮೂರ್ಛೆ. 2013ರಲ್ಲಿ, ಒಂಬತ್ತು ವರ್ಷದ ಸೇವೆ ಮುಗಿದಿದ್ದಾಗ, ಸೈನಿಕ ವೃತ್ತಿಗೆ ಅನರ್ಹರೆಂದು ಅವರನ್ನು ಬಿಡುಗಡೆ ಮಾಡಲಾಯಿತು. ವೈದ್ಯಮಂಡಳಿಯು ವೈಕಲ್ಯವನ್ನು ಶೇಕಡ 30 ಎಂದು ಅಳೆಯಿತು. ಆದರೆ ಪಿಂಚಣಿಯ ವಿಷಯ ಬಂದಾಗ ಒಂದು ಕಾಗದ ಬಂದಿತು. ಅದರಲ್ಲಿ ಇದ್ದ ಕಾರಣ ಒಂದೇ ಸಾಲಿನದು. ಈ ರೋಗವು ಸೈನಿಕ ಸೇವೆಯಿಂದ ಉಂಟಾದುದೂ ಅಲ್ಲ, ಸೈನಿಕ ಸೇವೆಯಿಂದ ಉಲ್ಬಣಿಸಿದುದೂ ಅಲ್ಲ. ಆದಕಾರಣ ವೈಕಲ್ಯ ಪಿಂಚಣಿಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಒಂದಿಷ್ಟು ಗ್ರಾಚ್ಯುಟಿಯ ಹಣ ಮಾತ್ರ ಕೈಗೆ ಬಂದಿತು.

ಅವರು ಆ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಸಮವಸ್ತ್ರವಿಟ್ಟ ಕಪ್ಪು ಟ್ರಂಕಿನಲ್ಲಿಟ್ಟು ಬೀಗ ಹಾಕಿದರಂತೆ. ಅಂದಿನಿಂದ ಆ ವಿಚಾರವನ್ನು ಮನೆಯಲ್ಲಿ ಯಾರೂ ಎತ್ತಕೂಡದು. ಎತ್ತಿದರೆ ಅವರು ಹೇಳುವ ಮಾತು ಒಂದೇ: "ಗಡಿಯಲ್ಲಿ ನಿಂತವನು ಕಚೇರಿಯ ಬಾಗಿಲಿನಲ್ಲಿ ಕೈಚಾಚಿ ನಿಲ್ಲಲಾರ." ಈಗ ಅವರು ಒಂದು ವಸತಿ ಸಮುಚ್ಚಯದಲ್ಲಿ ರಾತ್ರಿಯ ಕಾವಲುಗಾರರು. ನಿದ್ದೆಗೆಡುವುದು ಮೂರ್ಛೆರೋಗದವರಿಗೆ ಆಗದೆಂಬುದು ವೈದ್ಯರೆಲ್ಲರೂ ಹೇಳುವ ಮಾತು. ಆದರೆ ರೋಗದ ವಿಷಯ ತಿಳಿದರೆ ಇರುವ ಕೆಲಸವೂ ಹೋದೀತೆಂದು ಅವರು ಅಲ್ಲಿ ಬಾಯಿ ಬಿಟ್ಟಿಲ್ಲ. ಹೋದ ಆಷಾಢದಲ್ಲಿ ಮೆಟ್ಟಿಲ ಮೇಲೆ ಬಿದ್ದು ಹಣೆಗೆ ಐದು ಹೊಲಿಗೆ ಹಾಕಿಸಿಕೊಂಡು ಬಂದು, ಮಳೆಯಲ್ಲಿ ಕಾಲು ಜಾರಿತೆಂದರು. "ಮಕ್ಕಳು ನಂಬಿದರು, ನಾನು ನಂಬಿದವಳಂತೆ ಇದ್ದೆ" ಎಂದು ಆ ಸೋದರಿ ಬರೆದಿದ್ದಾರೆ. ಆಕೆಯ ಪ್ರಶ್ನೆಗಳು ಇವು. ಕೇಳುವುದು ತಪ್ಪೇ? ತಪ್ಪಲ್ಲವಾದರೆ, ಅವರಿಗೆ ತಿಳಿಯದಂತೆ ನಾನೇ ಅರ್ಜಿ ಹಾಕಬಹುದೇ?

ಮೊದಲನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ.

ನಮ್ಮ ನಾಡಿನ ಹಳೆಯ ಶಾಸನಗಳನ್ನು ಓದಿದವರಿಗೆ 'ನೆತ್ತರುಗೊಡಗೆ' ಎಂಬ ಮಾತು ಹೊಸದಲ್ಲ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಅರಸನೋ ಊರವರೋ ಬಿಟ್ಟುಕೊಡುತ್ತಿದ್ದ ಭೂಮಿಗೆ ಆ ಹೆಸರು. ಅದನ್ನು ಪಡೆದವರನ್ನು ಯಾರೂ ಭಿಕ್ಷುಕರೆಂದು ಕರೆಯಲಿಲ್ಲ. ಊರಿನ ಬಾಗಿಲಲ್ಲಿ ವೀರಗಲ್ಲು ನೆಟ್ಟು, ಅದರಲ್ಲಿ ದಾನದ ವಿವರವನ್ನೂ ಕೆತ್ತಿಸಿ, ಅದನ್ನು ಅಳಿಸಿದವನಿಗೆ ಶಾಪವನ್ನೂ ಹಾಕಿದರು. ಊರು ತನ್ನ ಸಾಲವನ್ನು ಎಲ್ಲರಿಗೂ ಕಾಣುವಂತೆ ಒಪ್ಪಿಕೊಂಡಿತೆಂಬುದೇ ಆ ಕಲ್ಲಿನ ಅರ್ಥ. ಮಡಿದವನಿಗೆ ಕಲ್ಲು ನೆಟ್ಟರು, ಸರಿ. ಮಡಿಯದೆ, ಆದರೆ ಹೋದಾಗ ಇದ್ದಂತೆ ಇರದೆ, ಹಿಂತಿರುಗಿ ಬಂದವನಿಗೆ ಏನು? ಇಂದಿನ ಕಾಲದಲ್ಲಿ ಆ ಪ್ರಶ್ನೆಗೆ ರಾಷ್ಟ್ರವು ಕೊಟ್ಟಿರುವ ಉತ್ತರವೇ ವೈಕಲ್ಯ ಪಿಂಚಣಿ. ಅದು ದಯೆಯಲ್ಲ, ಸಲ್ಲಬೇಕಾದ ಬಾಕಿ. ಬಾಕಿಯನ್ನು ಕೇಳುವವನು ಕೈಚಾಚುವುದಿಲ್ಲ, ಲೆಕ್ಕ ಕೇಳುತ್ತಾನೆ.

ಲೆಕ್ಕವೆಂದ ಮೇಲೆ ಅಂಕಿಗಳನ್ನೂ ನೋಡಿಬಿಡೋಣ. ವೈಕಲ್ಯದ ನಿಮಿತ್ತ ಸೇವೆಯಿಂದ ಕಳುಹಿಸಲ್ಪಟ್ಟವರ ಪಿಂಚಣಿಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಸೇವಾಂಶ, ಅದು ಕೊನೆಯ ವೇತನದ ಅರ್ಧ. ಎರಡನೆಯದು ವೈಕಲ್ಯಾಂಶ; ಪೂರ್ಣ ವೈಕಲ್ಯಕ್ಕೆ ಅದು ಕೊನೆಯ ವೇತನದ ಶೇಕಡ 30, ಕಡಮೆ ವೈಕಲ್ಯಕ್ಕೆ ಅದೇ ಪ್ರಮಾಣದಲ್ಲಿ ಕಡಮೆ. ಇದರಲ್ಲಿ ಇನ್ನೊಂದು ಅನುಕೂಲವೂ ಉಂಟು. 1996ರ ಜನವರಿ 1ರಿಂದ ಜಾರಿಗೆ ಬಂದ ಕ್ರಮದಂತೆ, ಹೀಗೆ ಅನರ್ಹರಾಗಿ ಬಂದವರ ವೈಕಲ್ಯವು ಶೇಕಡ 50ಕ್ಕಿಂತ ಕಡಮೆಯಿದ್ದರೆ ಅದನ್ನು 50 ಎಂದೂ, 50ರಿಂದ 75ರವರೆಗೆ ಇದ್ದರೆ 75 ಎಂದೂ, ಅದಕ್ಕೂ ಮೇಲಾದರೆ 100 ಎಂದೂ ಎಣಿಸಬೇಕು. ಅವಧಿ ಮುಗಿಸಿ ನಿವೃತ್ತರಾದ ವೈಕಲ್ಯವುಳ್ಳವರಿಗೂ ಈ ಅನುಕೂಲ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಎಂಬವರ ಪ್ರಕರಣದಲ್ಲಿ ಹೇಳಿತು. ಲೆಕ್ಕ ತಿಳಿಯುವುದಕ್ಕಾಗಿ ಕೊನೆಯ ವೇತನ 24,000 ರೂಪಾಯಿ ಎಂದಿಟ್ಟುಕೊಳ್ಳಿ. ಸೇವಾಂಶ 12,000. ಶೇಕಡ 30ರ ವೈಕಲ್ಯವನ್ನು 50 ಎಂದು ಎಣಿಸಿದರೆ ವೈಕಲ್ಯಾಂಶ 3,600. ಎರಡೂ ಸೇರಿ ತಿಂಗಳಿಗೆ 15,600, ಅದರ ಮೇಲೆ ತುಟ್ಟಿಭತ್ಯೆ. ಪಿಂಚಣಿದಾರರಾದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ತಮಗೂ ಮನೆಯವರಿಗೂ ಚಿಕಿತ್ಸೆ ಪಡೆಯುವ ಅರ್ಹತೆಯೂ ಬರುತ್ತದೆ. ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿರುವುದು ಬರಿಯ ಕಾಗದವಲ್ಲ, ರಾತ್ರಿಯ ನಿದ್ದೆ.

ಇನ್ನು ಆ ಒಂದು ಸಾಲಿನ ಕಾರಣವನ್ನು ವಿಚಾರಿಸೋಣ. 'ಉಂಟಾದುದೂ ಅಲ್ಲ, ಉಲ್ಬಣಿಸಿದುದೂ ಅಲ್ಲ' ಎಂಬುದು ಸೈನ್ಯದ ವೈದ್ಯಕೀಯ ದಾಖಲೆಗಳಲ್ಲಿ ಹಳೆಯ ಕಾಲದಿಂದ ನಡೆದು ಬಂದ ವಾಕ್ಯ. ಅಚ್ಚಿನ ನಮೂನೆಯಲ್ಲಿ ಅದಕ್ಕೆಂದೇ ಜಾಗವಿದೆ. ಗುಂಡೇಟಿನಿಂದ ಕಾಲು ಕಳೆದುಕೊಂಡವನ ವಿಷಯದಲ್ಲಿ ಯಾರಿಗೂ ಸಂದೇಹ ಬರುವುದಿಲ್ಲ. ಸಂದೇಹವೆಲ್ಲ ಬರುವುದು ಕಣ್ಣಿಗೆ ಕಾಣದ ರೋಗಗಳಲ್ಲಿ: ಮೂರ್ಛೆ, ಮನೋವ್ಯಾಧಿ, ರಕ್ತದೊತ್ತಡ, ಮಧುಮೇಹ, ಹೃದ್ರೋಗ. ಇವು ಊರಿನಲ್ಲಿದ್ದವರಿಗೂ ಬರುತ್ತವಲ್ಲ ಎಂಬುದು ಕಚೇರಿಯ ವಾದ. ಬರುತ್ತವೆ, ನಿಜ. ಆದರೆ ಈ ಮನುಷ್ಯನಿಗೆ ಬಂದದ್ದು ಎಲ್ಲಿ, ಯಾವಾಗ ಮತ್ತು ಏಕೆ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಹೊಣೆ ಯಾರದು?

ಇದೇ ಮುಖ್ಯವಾದ ಅಂಶ. ನಮ್ಮಲ್ಲಿ ಬಹುಮಂದಿ, ಸೈನಿಕರೂ ಸೇರಿ, ರೋಗವು ಸೇವೆಯಿಂದ ಬಂದಿತೆಂದು ಸೈನಿಕನೇ ರುಜುವಾತು ಮಾಡಬೇಕೆಂದು ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1982ರ ಅರ್ಹತಾ ನಿಯಮಗಳಲ್ಲಿಯೇ, ತನ್ನ ಅರ್ಹತೆಯನ್ನು ಸಿದ್ಧಪಡಿಸಬೇಕೆಂದು ಕೋರಿಕೆದಾರನನ್ನು ಒತ್ತಾಯಿಸಬಾರದೆಂದು ಬರೆದಿದೆ. ನ್ಯಾಯವಾದ ಸಂದೇಹವಿದ್ದಲ್ಲಿ ಅದರ ಪ್ರಯೋಜನ ಅವನಿಗೇ ಸಲ್ಲಬೇಕು. ಸೇರುವಾಗ ರೋಗದ ಟಿಪ್ಪಣಿ ಇರದೆ, ಅನಂತರ ಅದೇ ರೋಗದ ಕಾರಣ ಅವನನ್ನು ಕಳುಹಿಸಿದರೆ, ಅದು ಸೇವೆಯಲ್ಲಿಯೇ ಹುಟ್ಟಿತೆಂದು ಭಾವಿಸಬೇಕು. ಹಾಗಲ್ಲವೆನ್ನುವ ವೈದ್ಯರು ಕಾರಣವನ್ನು ಬರೆದು ಹೇಳಬೇಕು.

'ದೇವರು ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆ ನೆನಪಾಗುವುದು ಇಲ್ಲಿಯೇ. ನಿಯಮವು ಕೊಟ್ಟದ್ದನ್ನು ನಮೂನೆಯ ಒಂದು ಸಾಲು ಕಿತ್ತುಕೊಳ್ಳುತ್ತಾ ಬಂದಿತು. ಧರಮ್‌ವೀರ್ ಸಿಂಗ್ ಎಂಬವರು 1985ರ ಜೂನ್ 15ರಂದು ಸಿಗ್ನಲ್ ದಳದಲ್ಲಿ ಸಿಪಾಯಿಯಾಗಿ ಸೇರಿದರು. ಮೂರ್ಛೆರೋಗದ ನಿಮಿತ್ತ, ಶೇಕಡ 20ರ ವೈಕಲ್ಯದೊಡನೆ, 1994ರ ಏಪ್ರಿಲ್ 1ರಂದು ಹೊರಬಂದರು. ಅವರಿಗೂ ಅದೇ ಉತ್ತರ ದೊರೆಯಿತು. ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದಲ್ಲಿ ಒಬ್ಬ ನ್ಯಾಯಾಧೀಶರ ಮುಂದೆ ಗೆದ್ದರು, ವಿಭಾಗೀಯ ಪೀಠದ ಮುಂದೆ ಸೋತರು. ಕೊನೆಗೆ 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯವು ಅವರ ಪಿಂಚಣಿಯನ್ನು ಎತ್ತಿಹಿಡಿಯಿತು. ಸೇರುವಾಗ ರೋಗವಿತ್ತೆಂಬ ಟಿಪ್ಪಣಿ ಇಲ್ಲ. ಸೇವೆಗೂ ರೋಗಕ್ಕೂ ಸಂಬಂಧವಿಲ್ಲವೆಂದ ಮಂಡಳಿಯು ಕಾರಣವನ್ನೂ ಕೊಟ್ಟಿಲ್ಲ. ಆದ್ದರಿಂದ ಪಿಂಚಣಿ ಸಲ್ಲಬೇಕು. ತೀರ್ಪಿನ ಸಾರ ಇಷ್ಟೇ. ಸೈನಿಕರ ವೈಕಲ್ಯದ ಮೊಕದ್ದಮೆಗಳಲ್ಲಿ ಅಂದಿನಿಂದ ಇಂದಿನವರೆಗೆ ಮೊದಲು ಉಲ್ಲೇಖವಾಗುವುದು ಇದೇ ತೀರ್ಪು. ಆದರೆ 1994ರಿಂದ 2013ರವರೆಗೆ ಎಷ್ಟು ವರ್ಷವೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ಹೊರಬಂದ ದಿನ ಅಂಬೆಗಾಲಿಡುತ್ತಿದ್ದ ಮಗು ಅಷ್ಟರಲ್ಲಿ ಕಾಲೇಜು ಮುಗಿಸುವ ವಯಸ್ಸಿಗೆ ಬಂದಿರುತ್ತದೆ.

ಮುಂದಿನ ತೀರ್ಪುಗಳೂ ಇದೇ ದಾರಿಯವು. 2014ರ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ ಸಂದೇಹದ ಲಾಭ ಸೈನಿಕನಿಗೇ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ಪುನಃ ಹೇಳಿತು. 2025ರ ಏಪ್ರಿಲಿನಲ್ಲಿ ಬಿಜೇಂದರ್ ಸಿಂಗ್ ಎಂಬವರ ಮನವಿ ತೀರ್ಮಾನವಾಯಿತು. ಸಿಯಾಚೆನ್ ಹಿಮನದಿಯಲ್ಲಿ ಸೇವೆ ಮಾಡುತ್ತಿದ್ದಾಗ ಮೂರ್ಛೆರೋಗಕ್ಕೆ ತುತ್ತಾಗಿ 1989ರಲ್ಲಿ ಹೊರಬಂದವರು ಅವರು. ಅವರಿಗೆ 1996ರ ಜನವರಿ 1ರಿಂದ ಜೀವಾವಧಿ ಶೇಕಡ 50ರ ವೈಕಲ್ಯಾಂಶವನ್ನೂ, ಬಾಕಿಯ ಮೇಲೆ ಬಡ್ಡಿಯನ್ನೂ ಕೊಡಬೇಕೆಂದು ಆದೇಶವಾಯಿತು. ಮುಂದಿನ ತಿಂಗಳಿನಲ್ಲಿ, ಮನೋರೋಗದ ನಿಮಿತ್ತ ಬಿಡುಗಡೆಯಾದ ಸೈನಿಕನೊಬ್ಬನ ಪ್ರಕರಣದಲ್ಲಿ, ವೈದ್ಯಮಂಡಳಿಯು ಕಾರಣ ಕೊಡುವುದು ಬರಿಯ ಶಿಷ್ಟಾಚಾರವಲ್ಲ, ಕರ್ತವ್ಯವೆಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಆ ಸೋದರಿಯ ಯಜಮಾನರು 2013ರಲ್ಲಿ ಹೊರಬಂದವರಾದ್ದರಿಂದ ಅವರಿಗೆ ಅನ್ವಯಿಸುವುದು 1982ರ ನಿಯಮಗಳಲ್ಲ, 2008ರವು. ಇದನ್ನು ಮುಚ್ಚಿಟ್ಟು ಭರವಸೆ ಕೊಡುವುದು ತರವಲ್ಲ. ರೋಗಕ್ಕೂ ಸೇವೆಯ ಪರಿಸ್ಥಿತಿಗಳಿಗೂ ಸಂಬಂಧ ಕಾಣಬೇಕೆಂಬುದಕ್ಕೆ 2008ರ ನಿಯಮಗಳು ಮೊದಲಿಗಿಂತ ಹೆಚ್ಚು ಒತ್ತು ಕೊಟ್ಟಿವೆ. ಆದರೂ ರುಜುವಾತಿನ ಹೊಣೆ ಸಾಮಾನ್ಯವಾಗಿ ಕೋರಿಕೆದಾರನದಲ್ಲವೆಂಬ ಮಾತು ಅಲ್ಲಿಯೂ ಉಳಿದಿದೆ. ರೋಗವು 'ಶಾಂತಿ ನೆಲೆ'ಯಲ್ಲಿದ್ದಾಗ ಶುರುವಾಯಿತೆಂಬುದೊಂದೇ ನಿರಾಕರಣೆಗೆ ಸಾಕಾಗದು, ಬೇರೆ ಯಾವ ಕಾರಣದಿಂದ ಬಂದಿತೆಂಬುದನ್ನು ಮಂಡಳಿ ಹೇಳಬೇಕು ಎಂದು ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲಿ ತೀರ್ಪಿತ್ತಿದೆ. ಇವರ ರೋಗವಾದರೋ ಶುರುವಾದದ್ದು ಶಾಂತಿ ನೆಲೆಯಲ್ಲಿ ಅಲ್ಲ, ಎತ್ತರದ ಠಾಣೆಯಲ್ಲಿ.

2008ರ ನಿಯಮದಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಬಿಡುಗಡೆಯಾಗಿ 15 ವರ್ಷಗಳು ಕಳೆದು, ಅಷ್ಟರಲ್ಲಿ ಸೇವಾ ದಾಖಲೆಗಳನ್ನು ಕ್ರಮದಂತೆ ನಾಶಮಾಡಿದ ಮೇಲೆ ಕೋರಿಕೆ ಬಂದರೆ, ರುಜುವಾತಿನ ಹೊಣೆ ಕೋರಿಕೆದಾರನ ಹೆಗಲಿಗೇ ಬೀಳುತ್ತದೆ. ಇವರಿಗೆ ಆ 15 ವರ್ಷ ತುಂಬುವುದು 2028ರಲ್ಲಿ. ಇವರ ಕೋರಿಕೆ ಆಗಲೇ ಒಮ್ಮೆ ಕಚೇರಿಯ ಮುಂದೆ ಬಂದು ತಿರಸ್ಕೃತವಾದುದರಿಂದ ಆ ಮಾತು ಇವರಿಗೆ ನೇರವಾಗಿ ತಗುಲುವುದಿಲ್ಲವೆಂದು ವಾದಿಸಬಹುದು. ಆದರೆ ದಾಖಲೆಯೇ ಇಲ್ಲವಾದ ಮೇಲೆ ವಾದವೊಂದರಿಂದ ಏನಾದೀತು? ತಡಮಾಡುವುದರಿಂದ ಇನ್ನೊಂದು ನಷ್ಟವೂ ಉಂಟು. 1983ರಲ್ಲಿ ವೈಕಲ್ಯದಿಂದ ಹೊರಬಂದು 1999ರಲ್ಲಿ ನ್ಯಾಯಾಲಯಕ್ಕೆ ಹೋದ ತರ್ಸೇಮ್ ಸಿಂಗ್ ಎಂಬವರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹೇಳಿದ್ದೇನೆಂದರೆ: ಪಿಂಚಣಿಯ ಹಕ್ಕು ತಿಂಗಳು ತಿಂಗಳೂ ಹೊಸದಾಗಿ ಹುಟ್ಟುವುದರಿಂದ ತಡವಾಯಿತೆಂದು ಅದು ಸಾಯುವುದಿಲ್ಲ, ಆದರೆ ಬಾಕಿಯು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಗಳಿಗೆ ಮಾತ್ರ ಸಲ್ಲುತ್ತದೆ. ಬಿಜೇಂದರ್ ಸಿಂಗ್ ಅವರಿಗೆ ದೊರೆತಂತೆ ದಶಕಗಳ ಬಾಕಿ ಎಲ್ಲರಿಗೂ ದೊರೆತೀತೆಂದು ಎಣಿಸಬಾರದು. ಈಗ ಕಳೆಯುವ ಪ್ರತಿ ತಿಂಗಳೂ ಹಿಂದಿನ ಒಂದು ತಿಂಗಳ ಹಣವನ್ನು ತನ್ನೊಡನೆ ಕೊಂಡೊಯ್ಯುತ್ತದೆ.

ಹಾಗಾದರೆ ಮಾಡಬೇಕಾದುದು ಏನು? ಕ್ರಮವಾಗಿ ಹೇಳುತ್ತೇನೆ.

ಮೊದಲು ಟ್ರಂಕನ್ನು ತೆರೆಯಬೇಕು. ತಿರಸ್ಕಾರದ ಕಾಗದ, ಬಿಡುಗಡೆಯ ಪುಸ್ತಕ, ಆಸ್ಪತ್ರೆಯ ಚೀಟಿಗಳು, ಇಂದಿಗೂ ನುಂಗುತ್ತಿರುವ ಔಷಧದ ಚೀಟಿಗಳು, ಇವೆಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ ನಕಲು ತೆಗೆಸಬೇಕು. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಕೂಡದು.

ಎರಡನೆಯದು, ವೈದ್ಯಮಂಡಳಿಯ ನಡವಳಿಯ ಪೂರ್ಣ ಪ್ರತಿ ಮತ್ತು ಸೇರುವಾಗಿನ ವೈದ್ಯಕೀಯ ಪರೀಕ್ಷೆಯ ಪ್ರತಿ. ಮನೆಯಲ್ಲಿ ಇಲ್ಲದಿದ್ದರೆ ತಮ್ಮ ದಳದ ದಾಖಲೆ ಕಚೇರಿಗೆ 2005ರ ಮಾಹಿತಿ ಹಕ್ಕು ಕಾಯಿದೆಯ ಮೇರೆಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಬೇಕು. 30 ದಿನಗಳಲ್ಲಿ ಉತ್ತರ ಬರಬೇಕು. ಪ್ರತಿ ಬಂದಾಗ ಎರಡು ಸ್ಥಳಗಳನ್ನು ನೋಡಿ. ಸೇರುವಾಗ ಒಂದನೆಯ ದರ್ಜೆಯ ಆರೋಗ್ಯವೆಂದು ಬರೆದಿದೆಯೇ? ಸೈನ್ಯದವರು ಅದನ್ನು 'ಷೇಪ್-ಒನ್' ಎನ್ನುತ್ತಾರೆ. ಮನಸ್ಸು, ಕಿವಿ, ಕೈಕಾಲುಗಳು, ದೇಹಶಕ್ತಿ, ಕಣ್ಣು ಐದೂ ನಿರ್ದೋಷವೆಂದು ಅದರ ಅರ್ಥ. ಬಿಡುಗಡೆಯಾಗುವಾಗ ಸೇವೆಗೆ ಸಂಬಂಧವಿಲ್ಲವೆಂದು ಬರೆದ ಕಡೆ ಕಾರಣವನ್ನು ಬರೆದಿದ್ದಾರೆಯೇ, ಅಥವಾ 'ಇಲ್ಲ' ಎಂಬ ಒಂದೇ ಮಾತಿದೆಯೇ? ನಿಮ್ಮ ವ್ಯಾಜ್ಯದ ತಿರುಳೆಲ್ಲ ಈ ಎರಡು ಸ್ಥಳಗಳಲ್ಲಿದೆ.

ಮೂರನೆಯದು ಮೇಲ್ಮನವಿ. ತಿರಸ್ಕಾರವಾದ ಆರು ತಿಂಗಳೊಳಗೆ ಮೊದಲ ಮೇಲ್ಮನವಿಯ ಸಮಿತಿಗೆ ಬರೆಯಬೇಕು. ಅಲ್ಲಿಯೂ ಇಲ್ಲವೆಂದರೆ ಎರಡನೆಯ ಸಮಿತಿ. ಇವರ ಆರು ತಿಂಗಳು ಎಂದೋ ಮುಗಿದಿದೆ. ಆದರೂ, ತಡವಾದುದಕ್ಕೆ ನಿಜವಾದ ಕಾರಣವನ್ನು ನೇರವಾಗಿ ಬರೆದು ಮನ್ನಿಸಬೇಕೆಂದು ಕೋರಿ ಮನವಿ ಕಳುಹಿಸಬೇಕು, ಅಂಚೆಯ ರಸೀದಿಯನ್ನು ಜೋಪಾನ ಮಾಡಬೇಕು. ರೋಗ, ಅಜ್ಞಾನ, ಬಡತನ ಇವನ್ನು ಬರೆಯಲು ನಾಚಿಕೆ ಬೇಡ. ಸುಳ್ಳು ಕಾರಣ ಮಾತ್ರ ಬೇಡ.

ನಾಲ್ಕನೆಯದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿದ ಈ ಮಂಡಳಿಯ ಮುಂದೆ ಸೈನಿಕರ ಪಿಂಚಣಿಯ ವ್ಯಾಜ್ಯಗಳು ನಡೆಯುತ್ತವೆ. ಇಲ್ಲಿಯೂ ಆರು ತಿಂಗಳ ಅವಧಿಯುಂಟು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ಮಂಡಳಿಗೆ ಉಂಟು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ವೈಕಲ್ಯವುಳ್ಳವರಿಗೂ ಸ್ತ್ರೀಯರಿಗೂ ಉಚಿತ ನೆರವು ಸಲ್ಲುತ್ತದೆ. 2025ರ ಜುಲೈನಲ್ಲಿ ಆರಂಭವಾದ ವೀರ ಪರಿವಾರ ಸಹಾಯತಾ ಯೋಜನೆಯಂತೆ ಸೈನಿಕ ಮಂಡಳಿಗಳಲ್ಲಿಯೇ ಕಾನೂನು ನೆರವಿನ ಕೇಂದ್ರಗಳನ್ನು ತೆರೆಯುವ ವ್ಯವಸ್ಥೆ ನಡೆದಿದೆ. ನಮ್ಮ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮೊದಲು ವಿಚಾರಿಸಿ. 'ಬಾಕಿ ಬಂದರೆ ಅರ್ಧ ನನಗೆ' ಎನ್ನುವ ಮಧ್ಯಸ್ಥನು ಬಾಗಿಲಿಗೆ ಬಂದರೆ ನಮಸ್ಕಾರ ಹೇಳಿ ಕಳುಹಿಸಿ. ಗೆದ್ದ ಹಣದಲ್ಲಿ ಪಾಲು ಕೇಳುವುದು ವಕೀಲರಿಗೂ ನಿಷಿದ್ಧ.

ಇಷ್ಟು ಮಾಡಿದರೆ ಗೆಲುವು ಖಂಡಿತವೆಂದು ನಾನು ಬರೆಯಲಾರೆ. ಎಲ್ಲ ರೋಗಕ್ಕೂ ಪಿಂಚಣಿ ಬರುವುದಿಲ್ಲ. ಕುಡಿತದಿಂದ ತಂದುಕೊಂಡದ್ದು, ರಜೆಯಲ್ಲಿ ಸೇವೆಗೆ ಸಂಬಂಧವಿಲ್ಲದ ಕೆಲಸದಲ್ಲಿ ಆದ ಗಾಯ, ಇಂತಹವನ್ನು ನ್ಯಾಯಾಲಯಗಳೂ ಒಪ್ಪಿಲ್ಲ. ಗಟ್ಟಿಮುಟ್ಟಾಗಿದ್ದು ವೈಕಲ್ಯದ ಹಣ ಪಡೆಯುವವರೂ ಇದ್ದಾರೆಂಬುದು ಸರ್ಕಾರದ ದೂರು. 2023ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಹೊಸ ನಿಯಮಗಳ ಹಿಂದೆ ಆ ಆಲೋಚನೆಯೂ ಇದೆ. ಕಾಳನ್ನು ಜೊಳ್ಳಿನಿಂದ ಬೇರ್ಪಡಿಸಬೇಕು, ಒಪ್ಪೋಣ. ಆದರೆ ಜೊಳ್ಳಿನ ಭಯದಿಂದ ಮೊರವನ್ನೇ ಬಿಸಾಡಿದರೆ ಉಣ್ಣುವವರು ಏನು ಮಾಡಬೇಕು? ವೈಕಲ್ಯ ಹೊಂದಿದ ಸೈನಿಕರ ಮೇಲೆ ಸರ್ಕಾರವೇ ಮೇಲ್ಮನವಿ ಹೂಡುತ್ತಾ ಹೋಗುವುದನ್ನು ಕಡಮೆ ಮಾಡಬೇಕೆಂದು ರಕ್ಷಣಾ ಸಚಿವರು 2015ರಲ್ಲಿ ನೇಮಿಸಿದ ತಜ್ಞರ ಸಮಿತಿಯೇ ಸಲಹೆ ಮಾಡಿತ್ತು. ಆದರೂ ನ್ಯಾಯಮಂಡಳಿಯಲ್ಲಿ ಗೆದ್ದವರನ್ನು ಉಚ್ಚ ನ್ಯಾಯಾಲಯಕ್ಕೆ ಎಳೆಯುವುದು ಅನಂತರವೂ ನಡೆಯಿತು. ಸರ್ಕಾರದ ಅಂತಹ ಹಲವಾರು ಅರ್ಜಿಗಳನ್ನು ದೆಹಲಿ ಉಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ ಒಟ್ಟಾಗಿ ವಜಾ ಮಾಡಿತು. ಆದ್ದರಿಂದ ದಾರಿ ಉದ್ದವಾಗಬಹುದು ಎಂದು ತಿಳಿದೇ ಹೊರಡಬೇಕು.

ಇನ್ನು ಎರಡನೆಯ ಪ್ರಶ್ನೆ. ಅವರಿಗೆ ತಿಳಿಯದಂತೆ ಅರ್ಜಿ ಹಾಕಬಹುದೇ?

ಬೇಡ, ತಂಗಿ. ಅವರು ಬದುಕಿ, ಬುದ್ಧಿ ಸ್ವಾಧೀನದಲ್ಲಿರುವವರೆಗೆ ಹಕ್ಕು ಅವರದು, ಸಹಿಯೂ ಅವರದೇ ಆಗಬೇಕು. ಅವರ ಹೆಸರಿನಲ್ಲಿ ನೀವು ರುಜು ಹಾಕಿದರೆ ಅದು ಅಪರಾಧವಾಗುತ್ತದೆ; ನ್ಯಾಯವಾದ ಕೋರಿಕೆಗೂ ಕಳಂಕ ಬರುತ್ತದೆ. ಇದು ಕಾನೂನಿನ ಮಾತು. ಕಾನೂನಿನಲ್ಲಿ ಇಲ್ಲದ ಇನ್ನೊಂದು ಮಾತನ್ನು ಹಿರಿಯನೆಂಬ ಸಲುಗೆಯಿಂದ ಹೇಳುತ್ತೇನೆ. ಆ ಕಾಗದದಲ್ಲಿ ನಿಮ್ಮ ಯಜಮಾನರಿಗೆ ನೋವಾದದ್ದು ಹಣ ಇಲ್ಲವೆಂದುದರಿಂದ ಅಲ್ಲವೆಂದು ನನಗೆ ತೋರುತ್ತದೆ. 'ನಮ್ಮಿಂದ ಬಂದದ್ದಲ್ಲ' ಎಂದುದರಿಂದ. ಒಂಬತ್ತು ವರ್ಷ ತನ್ನದೆಂದು ನಂಬಿದ್ದ ಮನೆಯು, ನಿನ್ನ ರೋಗ ನಿನ್ನದು, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದುಬಿಟ್ಟಿತು. ಅದನ್ನು ಅವರು ತೀರ್ಪೆಂದು ತಿಳಿದುಕೊಂಡಿದ್ದಾರೆ. ಅದು ತೀರ್ಪಲ್ಲ. ಎಷ್ಟೋ ಮಂದಿಯ ಕಾಗದಗಳಲ್ಲಿ ಬಂದಿರುವ ಅಚ್ಚಿನ ಒಂದು ವಾಕ್ಯ ಅದು. ಕಾರಣ ಹೇಳದಿದ್ದಾಗಲೆಲ್ಲ ದೇಶದ ಅತ್ಯುನ್ನತ ನ್ಯಾಯಾಲಯವು ಅದನ್ನು ಮತ್ತೆ ಮತ್ತೆ ಹೊಡೆದುಹಾಕಿದೆ.

ಆದ್ದರಿಂದ ಅವರಿಗೆ ಹಣದ ವಿಷಯ ಹೇಳಬೇಡಿ. ಮಕ್ಕಳ ಶಾಲೆಯ ಶುಲ್ಕದ ವಿಷಯವನ್ನೂ ಎತ್ತಬೇಡಿ. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯ ಕಥೆಯನ್ನು ಹೇಳಿ. ಅದೇ ರೋಗ, ಅದೇ ಒಂಬತ್ತು ವರ್ಷದ ಸೇವೆ, ಅದೇ ಕಾಗದ. ಆ ಮನುಷ್ಯ ಕೈಚಾಚಲಿಲ್ಲ, ಕೈಕಟ್ಟಿಯೂ ಕೂರಲಿಲ್ಲ. ಅವನು ತನಗಾಗಿ ಹಿಡಿದ ಹಟದಿಂದ ಅವನಂತಹ ಅನೇಕ ಸೈನಿಕರ ಮನೆಗೆ ಪಿಂಚಣಿ ಬಂದಿತು. ಠಾಣೆಯನ್ನು ಬಿಟ್ಟುಕೊಡದೆ ನಿಲ್ಲುವುದೆಂದರೆ ಏನೆಂಬುದನ್ನು ಸೈನಿಕನಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇಷ್ಟನ್ನು ಹೇಳಿ ಸುಮ್ಮನಾಗಿ. ಬೀಗದಕೈಯನ್ನು ಅವರೇ ತೆಗೆಯಲಿ.

ತೆಗೆದ ದಿನ ಆ ಕಾಗದವನ್ನು ಇಬ್ಬರೂ ಕುಳಿತು ಕೊನೆಯವರೆಗೆ ಓದಿ. ತಿರಸ್ಕಾರದ ಕಾಗದಗಳ ಅಡಿಯಲ್ಲಿ ಸಾಮಾನ್ಯವಾಗಿ ಇನ್ನೊಂದು ಸಾಲೂ ಇರುತ್ತದೆ: ಈ ನಿರ್ಣಯಕ್ಕೆ ನೀವು ಒಪ್ಪದಿದ್ದರೆ ಮೇಲ್ಮನವಿ ಮಾಡಿಕೊಳ್ಳಬಹುದು ಎಂದು. ಮೇಲಿನ ಸಾಲನ್ನು ಓದಿ ಎದೆಯೊಡೆದವರ ಕಣ್ಣು ಕೆಳಗಿನ ಸಾಲಿನವರೆಗೆ ಬರುವುದಿಲ್ಲ. ಹದಿಮೂರನೆಯ ವರ್ಷದಲ್ಲಾದರೂ ಅದನ್ನು ಓದಿದರೆ ಆಯಿತು.

ಮುಂದೇನಾಯಿತೆಂದು ಬರೆಯಿರಿ. ಕಾದಿರುತ್ತೇನೆ.